ಗೀರು ತೆಗೀಬೇಡಿ, ರೇಟಿರೋದೇ ಅದಕ್ಕೆ

ಸ್ವಿಸ್ ವಾಚ್ ಕಂಪನಿ ಓಮೆಗಾದ ಆ ಕಂದು ಡಯಲ್ಲಿನ ಸ್ಪೀಡ್‌ಮಾಸ್ಟರ್ ವಾಚಿನ ಕತೆ ನಿಮಗೆ ಗೊತ್ತಿರಬಹುದು. 1957ರ ಮಾಡೆಲ್ಲು. 2021ರ ನವೆಂಬರ್‌ನಲ್ಲಿ ಜಿನೀವಾದಲ್ಲಿ ಹರಾಜಿಗೆ ಬಂತು. ಹರಾಜಿನವರ ಅಂದಾಜು ಹೆಚ್ಚೆಂದರೆ 1,20,000 ಸ್ವಿಸ್ ಫ್ರಾಂಕ್. ಹೋಗಿದ್ದು 31 ಲಕ್ಷ ಫ್ರಾಂಕ್‌ಗೂ ಮೇಲೆ. ಕೊಂಡವರು ಯಾರು? ಓಮೆಗಾ ಕಂಪನಿಯೇ, ತನ್ನ ಮ್ಯೂಸಿಯಮ್ಮಿಗೆ. ಎರಡು ವರ್ಷ ತುಂಬುವ ಮೊದಲೇ ಅದೇ ಕಂಪನಿ ತಲೆ ಕೆರೆದುಕೊಂಡು ಹೇಳಿತು: ಈ ವಾಚು ಹೀಗೆ ಹುಟ್ಟಿದ್ದೇ ಅಲ್ಲ, ಅಲ್ಲಿಂದ ಇಲ್ಲಿಂದ ಭಾಗ ತಂದು ಜೋಡಿಸಿದ್ದು. ತನ್ನಲ್ಲೇ ಕೆಲಸ ಮಾಡಿದ್ದ ಮೂವರ ಕೈವಾಡ ಇದರಲ್ಲಿದೆ ಅಂತಲೂ ಹೇಳಿತು. ಬೇಲಿಯೇ ಎದ್ದು ಹೊಲ ಮೇಯುವ ಗಾದೆಗೆ ಸ್ವಿಟ್ಜರ್ಲೆಂಡಿನಲ್ಲೂ ಕೆಲಸ ಸಿಕ್ಕಿತು.

ಲೋಕವೆಲ್ಲ ಕಂಪನಿಯನ್ನು ನೋಡಿ ನಕ್ಕಿತು. ನನಗೆ ನಗು ಬಂದಿದ್ದು ವಾಚನ್ನು ನೋಡಿ. ಅದರ ಭಾಗಗಳು ಬಹುಪಾಲು ಅಸಲಿಯೇ ಅಂತೆ. ಡೂಪ್ಲಿಕೇಟ್ ಅಂತ ಬೈಯುವ ಹಾಗೂ ಇಲ್ಲ. ಒಂದೊಂದನ್ನೂ ಬೇರೆ ಬೇರೆ ಕೂರಿಸಿ ವಿಚಾರಿಸಿದರೆ ನಿಜವನ್ನೇ ಹೇಳುತ್ತವೆ. ಒಟ್ಟಿಗೆ ಕೂತಾಗ ಮಾತ್ರ ಸುಳ್ಳು. ಇಂಥ ಸಭೆಗಳನ್ನು ನಾವು ಬೇರೆ ಕಡೆಯೂ ನೋಡಿದ್ದೇವೆ, ಇರಲಿ.

ಅಷ್ಟು ದುಡ್ಡು ತಂದದ್ದು ಆ ಕಂದು ಬಣ್ಣ. ಡಯಲ್ ಹುಟ್ಟಿದ್ದು ಕಪ್ಪಾಗಿ. ಆ ಕಾಲದ ಕೆಲವು ಕಪ್ಪು ಬಣ್ಣಗಳು ಬಿಸಿಲು ತಡೆಯುತ್ತಿರಲಿಲ್ಲ, ವರ್ಷಗಳು ಹೋದ ಹಾಗೆ ಕಂದಿಗೆ ತಿರುಗಿದವು. ನಮ್ಮ ನಿಮ್ಮ ಭಾಷೆಯಲ್ಲಿ ಬಣ್ಣ ಹಾಳಾಗಿದೆ ಅಂತ. ಹಳೇ ವಾಚಿನ ಸಂಗ್ರಾಹಕರಿಗೆ ಅದು ‘ಟ್ರಾಪಿಕಲ್’. ಬೆಜೆಲ್ಲಿನ, ಅಂದರೆ ಗಾಜಿನ ಸುತ್ತಲಿನ ಬಳೆಯ, ಬಣ್ಣ ಪೂರ್ತಿ ಹಾರಿಹೋಗಿದ್ದರೆ ‘ಘೋಸ್ಟ್’. ಡಯಲ್ಲಿನ ಮೇಲೆ ಜೇಡರಬಲೆಯ ಹಾಗೆ ಬಿರುಕು ಬಿಟ್ಟಿದ್ದರೆ ‘ಸ್ಪೈಡರ್’. ಹಾಳಾದ ಒಂದೊಂದು ರೀತಿಗೂ ಒಂದೊಂದು ಬಿರುದು, ಬಿರುದಿಗೆ ತಕ್ಕ ರೇಟು. ಕೇಳುವವರಿದ್ದ ಮೇಲೆ ಮಾಡಿಕೊಡುವವರೂ ಹುಟ್ಟುತ್ತಾರೆ ಅಲ್ವಾ? ಕಪ್ಪು ಡಯಲ್ಲನ್ನು ಓವನ್ನಿನಲ್ಲಿ ಬೇಯಿಸಿ ಕಂದು ಮಾಡುವ ಕಲೆಯೂ ಬೆಳೆದಿದೆ. ದೊಡ್ಡ ಕಂಪನಿಗಳೂ ಹಿಂದೆ ಬಿದ್ದಿಲ್ಲ. ನಿನ್ನೆ ಮಾಡಿದ ಹೊಸ ವಾಚಿನ ಅಂಕಿಗಳಿಗೆ ಮಾಸಿದ ಹಳದಿ ಬಣ್ಣ ಬಳಿದು ಕಳಿಸುತ್ತಾರೆ. ವಯಸ್ಸಾಗುವ ಕಷ್ಟವೂ ಗಿರಾಕಿಗೆ ಇರಬಾರದು ನೋಡಿ.

ವಾಚು ಹಾಳಾಗಿದ್ದರೆ ಸಾಲದು, ಕತೆಯೂ ಬೇಕು. ರೋಲೆಕ್ಸ್ ಕಂಪನಿಯ ಡೇಟೋನಾ ವಾಚಿನ ಒಂದು ಬಗೆಯ ಡಯಲ್ಲು 1960ರ ದಶಕದಲ್ಲಿ ಬಂದಾಗ ಅಷ್ಟೇನೂ ಬೇಡಿಕೆ ಇರಲಿಲ್ಲ. ಹಾಲಿವುಡ್ ನಟ ಪಾಲ್ ನ್ಯೂಮನ್ ಕೈಯಲ್ಲಿ ಅಂಥದ್ದೊಂದಿತ್ತು. ಹೆಂಡತಿ ಕೊಟ್ಟಿದ್ದು. ಹುಷಾರಾಗಿ ಗಾಡಿ ಓಡಿಸು ಅಂತ ಹಿಂದೆ ಕೆತ್ತಿಸಿದ್ದರು. 2017ರಲ್ಲಿ ಅದು ನ್ಯೂಯಾರ್ಕಿನಲ್ಲಿ 1.77 ಕೋಟಿ ಡಾಲರಿಗೆ ಹೋಯಿತು. ಅವತ್ತಿನಿಂದ ಹಳೇ ವಾಚು ಮಾರುವವರೆಲ್ಲ ತಮ್ಮ ವಾಚಿನ ಪೂರ್ವಜನ್ಮ ಹುಡುಕುತ್ತಿದ್ದಾರೆ. ಒಂದು ವಾಚು ಯುದ್ಧವಿಮಾನದಲ್ಲಿ ಹಾರಿತ್ತು. ಇನ್ನೊಂದು ಸಮುದ್ರದ ತಳ ಕಂಡಿತ್ತು. ಮತ್ತೊಂದು ಹಿಮಪರ್ವತ ಹತ್ತಿತ್ತು. ಆಫೀಸಿನ ಗುಮಾಸ್ತ ಕಟ್ಟಿಕೊಂಡು, ಐದು ಗಂಟೆ ಯಾವಾಗ ಆಗುತ್ತೋ ಅಂತ ನೋಡುತ್ತಾ ಕೂತಿದ್ದ ವಾಚು ಇವತ್ತಿನವರೆಗೆ ಮಾರಾಟಕ್ಕೆ ಬಂದಿಲ್ಲ. ಆ ಕಾಲದ ಗುಮಾಸ್ತರೆಲ್ಲ ಸೂರ್ಯನನ್ನು ನೋಡಿಕೊಂಡು ಕೆಲಸ ಮಾಡಿರಬೇಕು.

ಇಂಥ ಲೋಕಕ್ಕೆ ಒಬ್ಬ ಬಡಪಾಯಿ, ತಾನು ರಿಪೇರಿ ಮಾಡಿಸಿದ ಅಪರೂಪದ ವಾಚನ್ನು ಮಾರಲು ಹಿಡಿದುಕೊಂಡು ಬರುತ್ತಾನೆ. ನಿಂತುಹೋಗಿದ್ದ ವಾಚು. ಒಳಗಿನ ಎಣ್ಣೆ ಒಣಗಿ ಅಂಟಾಗಿತ್ತು. ಸ್ಪ್ರಿಂಗ್ ತುಂಡಾಗಿತ್ತು. ಬ್ಯಾಲೆನ್ಸ್ ಚಕ್ರದ ಅಚ್ಚು ಮುರಿದಿತ್ತು. ಅದರ ತುದಿ ಕೂದಲೆಳೆಯಷ್ಟು ಸಣ್ಣ. ಹೊಸದು ಸಿಗುವುದಿಲ್ಲ, ಲೇಥಿನಲ್ಲಿ ಕಡೆದು ಮಾಡಬೇಕು. ಮಾಡಬಲ್ಲವರನ್ನು ಹುಡುಕಿ, ಕಾದು, ಕಾಸು ಕೊಟ್ಟು ಮಾಡಿಸಿದ್ದಾನೆ. ವಾಚು ಈಗ ಓಡುತ್ತದೆ.

ಓಡುತ್ತದಾ ಅಂತ ಯಾರೂ ಕೇಳುವುದಿಲ್ಲ. ಸರಿಯಾದ ಟೈಮಿನ ವಿಚಾರ 1969ರ ಡಿಸೆಂಬರ್ 25ಕ್ಕೇ ಮುಗಿದುಹೋಯಿತು. ಅವತ್ತು ಜಪಾನಿನ ಸೇಕೋ ಕಂಪನಿ ಬ್ಯಾಟರಿಯಲ್ಲಿ ಓಡುವ ಮೊದಲ ಕ್ವಾರ್ಟ್ಜ್ ಕೈಗಡಿಯಾರವನ್ನು ಮಾರಾಟಕ್ಕಿಟ್ಟಿತು. ತಿಂಗಳಿಗೆ ಐದು ಸೆಕೆಂಡ್ ಆಚೀಚೆ, ಅಷ್ಟೇ. ಕೀ ಕೊಡುವ ಒಳ್ಳೆಯ ವಾಚು ಅಷ್ಟು ತಪ್ಪನ್ನು ಒಂದೇ ದಿನದಲ್ಲಿ ಮಾಡುತ್ತದೆ. ಹಾಗಾಗಿ ಪ್ರಶ್ನೆಗಳೇ ಬೇರೆ. ಕೇಸಿಗೆ ಪಾಲಿಶ್ ಹೊಡೆಸಿದ್ದೀರಾ? ಮುಳ್ಳು ಮೊದಲಿನದೇನಾ? ಕೀ ಬದಲಾಯಿಸಿದ್ದೀರಾ? ಗಾಜಿನ ಮೇಲಿನ ಗೀರು ಯಾಕೆ ತೆಗೆಸಿದಿರಿ, ಅದು ಒರಿಜಿನಲ್ ಗೀರಾಗಿತ್ತು ಅಲ್ವಾ?

ಇಲ್ಲೊಂದು ಮಜಾ ಇದೆ. ಹಿಂದಿನ ಮಾಲೀಕ ಶಿಸ್ತಿನ ಮನುಷ್ಯ ಅಂತಿಟ್ಟುಕೊಳ್ಳಿ. ಹೇಳಿದ ಕಾಲಕ್ಕೆ ಸರಿಯಾಗಿ ಕಂಪನಿಯಲ್ಲೇ ಸರ್ವೀಸ್ ಮಾಡಿಸಿದ್ದಾನೆ. ಕಂಪನಿಯವರು ಮಾಸಿದ ಡಯಲ್ ತೆಗೆದು ಕಂಪನಿಯದೇ ಹೊಸ ಡಯಲ್ ಹಾಕಿ, ಕೇಸು ಫಳಫಳ ಹೊಳೆಯುವಂತೆ ಮಾಡಿ, ಬಿಲ್ಲು ಕೊಟ್ಟು ಕಳಿಸಿದ್ದಾರೆ. ಆ ವಾಚಿನ ಬೆಲೆ ಈಗ ಇಳಿದುಹೋಯಿತು. ಅದೇ ವಾಚನ್ನು ಸರ್ವೀಸೂ ಇಲ್ಲದೆ, ಕೀನೂ ಕೊಡದೆ, ಡ್ರಾಯರಿನ ಮೂಲೆಗೆ ಎಸೆದು ಮರೆತ ಸೋಮಾರಿಯ ಮಕ್ಕಳು ಲಾಟರಿ ಹೊಡೆದರು. ಖಾಲಿ ಡಬ್ಬಿಯನ್ನೂ ಬಿಸಾಡದಷ್ಟು ಸೋಮಾರಿಯಾಗಿದ್ದರೆ ಇನ್ನೂ ಜಾಸ್ತಿ. ರಟ್ಟಿನ ಡಬ್ಬಿ, ಬೆಲೆಚೀಟಿ, ಗ್ಯಾರಂಟಿ ಕಾರ್ಡು ಎಲ್ಲಕ್ಕೂ ಪ್ರತ್ಯೇಕ ರೇಟಿದೆ.

ಇನ್ನು ಕತ್ತಲಲ್ಲಿ ಹೊಳೆಯುವ ಅಂಕಿಗಳ ವಿಷಯ. 1960ರ ದಶಕದವರೆಗೂ ಎಷ್ಟೋ ವಾಚುಗಳಿಗೆ ನಿಜವಾದ ರೇಡಿಯಂ, ಅಂದರೆ ವಿಕಿರಣ ಸೂಸುವ ಲೋಹ, ಬೆರೆಸಿದ ಬಣ್ಣ ಬಳಿಯುತ್ತಿದ್ದರು. ಹೊಳಪು ಕೊಡುವ ರಾಸಾಯನಿಕ ಕೆಲವೇ ವರ್ಷಗಳಲ್ಲಿ ಸುಟ್ಟು ಸತ್ತುಹೋಗುತ್ತದೆ. ರೇಡಿಯಂ ಸಾಯುವುದಿಲ್ಲ. ಅದು ಅರ್ಧಕ್ಕೆ ಇಳಿಯಲು 1600 ವರ್ಷ ಬೇಕು. ಅಂದರೆ ಬೆಳಕು ಹೋಗಿದೆ, ವಿಷ ಹಾಗೇ ಇದೆ. ವಾಚು ಬಿಚ್ಚಿ ಅದನ್ನು ಕೆರೆದರೆ ಪುಡಿ ಹಾರಿ ರಿಪೇರಿಯವನ ಎದೆಗೆ ಹೋಗುತ್ತದೆ. ಬುದ್ಧಿ ಇದ್ದವನು ಅದನ್ನು ಸರಿಯಾದ ಜಾಗದಲ್ಲಿ ತೆಗೆಸಿ ಬೇರೆ ಬಣ್ಣ ಹಾಕಿಸುತ್ತಾನೆ. ಆದರೆ ನಮ್ಮ ಗಿರಾಕಿ ವಿಕಿರಣ ಪತ್ತೆ ಮಾಡುವ ಗೈಗರ್ ಕೌಂಟರ್ ಹಿಡಿದು ಬರುತ್ತಾನೆ. ಅದು ಕಟಕಟ ಅಂದರೆ ಅವನ ಮುಖ ಅರಳುತ್ತದೆ. ರೇಡಿಯಂ ಇದೆ, ಒರಿಜಿನಲ್! ಕಟಕಟ ಅನ್ನಲಿಲ್ಲವೋ, ಮುಖ ಸಪ್ಪಗಾಗುತ್ತದೆ. ವಿಷ ಇಲ್ಲದ ವಾಚು ಯಾರಿಗೆ ಬೇಕು?

ನಗಬಹುದಿತ್ತು. ಆದರೆ ಆ ಬಣ್ಣ ಬಳಿದವರು ಯಾರು ಅಂತ ನೆನಪಾದರೆ ನಗು ಬರುವುದಿಲ್ಲ. ಅಮೆರಿಕದಲ್ಲಿ 1917ರ ಹೊತ್ತಿಗೆ ಹದಿಹರೆಯದ ಹುಡುಗಿಯರನ್ನು ಕೂರಿಸಿ ಈ ಕೆಲಸ ಮಾಡಿಸಿದರು. ಕುಂಚದ ತುದಿ ಚೂಪಾಗಲಿ ಅಂತ ಅದನ್ನು ತುಟಿಯಲ್ಲಿ ಒತ್ತಿಕೊಳ್ಳಲು ಹೇಳಿಕೊಟ್ಟರು. ಏನೂ ಆಗಲ್ಲ ಅಂದರು. ಹಲ್ಲು ಉದುರಿದವು, ದವಡೆಯ ಮೂಳೆ ಕೊಳೆಯಿತು, ಎಷ್ಟೋ ಜನ ಸತ್ತರು. ನ್ಯೂಜೆರ್ಸಿಯ ಐವರು ಹೆಂಗಸರು ಕೋರ್ಟಿಗೆ ಹೋದರು. 1928ರಲ್ಲಿ ರಾಜಿಯಾಯಿತು, ಅಷ್ಟರಲ್ಲಿ ಅವರ ಮೈ ಹಣ್ಣಾಗಿತ್ತು. ಅಂಥ ಬಣ್ಣವನ್ನು ಇಟ್ಟುಕೊಂಡು ‘ಜೇನಿನ ಬಣ್ಣಕ್ಕೆ ತಿರುಗಿದ ಸುಂದರ ರೇಡಿಯಂ’ ಅಂತ ಮಾರಾಟದ ಚೀಟಿ ಬರೆಯುತ್ತಾರಲ್ಲ, ಬರೆಯುವಾಗ ಕೈ ಹೇಗೆ ಬರುತ್ತದೆ? ಬೇಡ, ಬಿಡಿ. ಸಂಜೆ ಹಾಳಾಗುತ್ತದೆ.

ನಮ್ಮ ಬಡಪಾಯಿಗೆ ಬರೋಣ. ಅವನ ದೊಡ್ಡ ತಪ್ಪು ಅಂದರೆ ಮಾರಾಟದ ಚೀಟಿಯಲ್ಲಿ ಎಲ್ಲವನ್ನೂ ಬರೆದುಬಿಡುತ್ತಾನೆ. ಡಯಲ್ಲಿಗೆ ಮತ್ತೆ ಬಣ್ಣ ಹಾಕಿಸಿದೆ. ಸೆಕೆಂಡ್ ಮುಳ್ಳು ಬೇರೆ ವಾಚಿನದು. ಗಾಜು ಹೊಸದು. ಮಿಷನ್ನಿನಲ್ಲಿ ಇಂತಿಂಥ ಭಾಗ ಮಾಡಿಸಿ ಹಾಕಿಸಿದೆ. ಓದಿದವರು ಅವನ ಪ್ರಾಮಾಣಿಕತೆಯನ್ನು ಬಾಯಿತುಂಬ ಹೊಗಳುತ್ತಾರೆ. ಹೊಗಳಿ, ಅವನು ಬರೆದ ಒಂದೊಂದು ಸಾಲಿಗೂ ಇಷ್ಟಿಷ್ಟು ಅಂತ ಬೆಲೆ ಕಡಿಮೆ ಮಾಡುತ್ತಾರೆ. ಪಕ್ಕದಲ್ಲೇ ಇನ್ನೊಬ್ಬ ಅದೇ ಮಾಡೆಲ್ ಇಟ್ಟುಕೊಂಡಿರುತ್ತಾನೆ. ಅವನು ಬರೆದಿದ್ದು ಎರಡೇ ಮಾತು: ‘ವಯಸ್ಸಿಗೆ ತಕ್ಕಂತಿದೆ. ಫೋಟೋ ನೋಡಿ.’ ಅದು ಮಧ್ಯಾಹ್ನದೊಳಗೆ ಹೋಗುತ್ತದೆ.

ಹಾಗಂತ ಕೊಳ್ಳುವವರು ದಡ್ಡರಲ್ಲ. ಸ್ಕ್ರೂ ಬೇರೆ ಕಾಲದ್ದು ಅಂತ ಫೋಟೋದಲ್ಲೇ ಹಿಡಿಯುವಂಥ ಘಟಾನುಘಟಿಗಳಿದ್ದಾರೆ. ಅವರಿಗೆ ಎಲ್ಲ ಗೊತ್ತು. ಹೇಳಿದವನಿಗೆ ದಂಡ, ಮುಚ್ಚಿಟ್ಟವನಿಗೆ ಬಹುಮಾನ ಅಂತ ದಿನವೂ ಮಾಡಿ ತೋರಿಸುತ್ತಾರೆ. ಆಮೇಲೆ ಹರಾಜಿನಲ್ಲಿ ಜೋಡಿಸಿದ ವಾಚು ಸಿಕ್ಕಿಬಿದ್ದಾಗ, ಅಯ್ಯೋ, ನಂಬಿಕೆಯೇ ಉಳಿದಿಲ್ಲ ಅಂತ ಎದೆ ಬಡಿದುಕೊಳ್ಳುತ್ತಾರೆ. ಸಾಕಪ್ಪಾ. ಈ ಅಳು ನೋಡಿ ನೋಡಿ ಸುಸ್ತಾಗಿದೆ. ನೀವು ಕೊಂಡಿದ್ದು ಸುಳ್ಳನ್ನೇ. ದುಡ್ಡು ಸುರಿದದ್ದು ಅದಕ್ಕೇ. ಅದನ್ನು ಒಬ್ಬ ಚೆನ್ನಾಗಿ ತಯಾರಿಸಿ ಕೊಟ್ಟಾಗ ಯಾಕೆ ಬೈಯುತ್ತೀರಿ?

ಕೊನೆಗೆ ಬಡಪಾಯಿಯ ವಾಚೂ ಹೋಗುತ್ತದೆ. ಕೊಳ್ಳುವವನು ಹಲವು ಸಲ ‘ನಾವು ನಾವೇ’ ಅಂತಾನೆ. ವ್ಯಾಪಾರಿಗೆ ಹೇಳುವ ರೇಟು ನನಗೆ ಹೇಳಬೇಡಿ, ನಾನೂ ನಿಮ್ಮ ಹಾಗೆ ವಾಚಿನ ಹುಚ್ಚ ಅಂತಾನೆ. ಹಗಲು ಬೆಳಕಿನಲ್ಲಿ ಒಂದು ಫೋಟೋ, ಕತ್ತಲಲ್ಲಿ ಒಂದು, ಹಿಂಬದಿ ಬಿಚ್ಚಿ ಇನ್ನೊಂದು ಬೇಕು ಅಂತಾನೆ. ಡಯಲ್ಲಿಗೆ ಬಣ್ಣ ಹಾಕಿಸಿದ್ದೀರಲ್ಲ, ಪಾಪ, ಯಾರು ತಗೋತಾರೆ, ನನಗಿರಲಿ ಬಿಡಿ ಅಂತ ಅರ್ಧ ಬೆಲೆಗೆ ಎತ್ತಿಕೊಂಡು ಹೋಗುತ್ತಾನೆ. ಬೀರುವಿನಲ್ಲಿ ಇಟ್ಟು ಪೂಜೆ ಮಾಡಲಿಕ್ಕಲ್ಲ. ಕೆಲವೇ ದಿನಗಳಲ್ಲಿ ಅದೇ ವಾಚು, ಅದೇ ಫೋಟೋಗಳು, ದುಪ್ಪಟ್ಟು ಬೆಲೆ. ಬಡಪಾಯಿ ಬರೆದಿದ್ದ ಉದ್ದದ ಪಟ್ಟಿ ಮಾತ್ರ ಇರುವುದಿಲ್ಲ. ಡಯಲ್ ಮೊದಲಿನದೇನಾ ಅಂತ ಯಾರಾದರೂ ಕೇಳಿದರೆ, ‘ನನ್ನ ಕೈಗೆ ಬಂದಾಗ ಹೀಗೇ ಇತ್ತು’ ಅನ್ನುತ್ತಾನೆ.

ಪಾಪ, ಹೀಗೇ ಇತ್ತು.