ಗೋವಾದಲ್ಲಿ ತಪ್ಪು ಮಾಡಿದರೂ ಇಲ್ಲಿ ಕ್ರಮ ಆಗುತ್ತದೆ

ಧಾರವಾಡ ಕೋರ್ಟಿಗೆ ಓಡಾಡುವವರ ವಾಟ್ಸಾಪ್‌ನಲ್ಲಿ ಒಂದು ಮಾತು ಹರಿದಾಡುತ್ತಿದೆ: ‘ಇಲ್ಲಿನ ವಕೀಲರು ಗೋವಾದ ಕೇಸಿನಲ್ಲಿ ಕಕ್ಷಿದಾರರ ದುಡ್ಡು ನುಂಗಿದರೆ ಕರ್ನಾಟಕದಲ್ಲಿ ಏನೂ ಮಾಡೋಕಾಗಲ್ಲ.’ ಇದು ತಪ್ಪು. ದುಡ್ಡು ಕಳೆದುಕೊಂಡವರು ಸುಮ್ನೆ ಇದನ್ನು ನಂಬಿ ಕೈಚೆಲ್ಲಿ ಕೂರಬೇಡಿ.

1961ರ ವಕೀಲರ ಕಾಯ್ದೆಯ 35ನೇ ಕಲಂ ನೋಡುವುದು ತಪ್ಪು ಎಲ್ಲಿ ನಡೆಯಿತು ಅಂತ ಅಲ್ಲ, ವಕೀಲರ ಹೆಸರು ಯಾವ ರಾಜ್ಯದ ಪಟ್ಟಿಯಲ್ಲಿದೆ ಅಂತ. ನಿಮ್ಮ ವಕಾಲತ್ತು, ಅಂದರೆ ವಕೀಲರನ್ನು ನೇಮಿಸಿಕೊಂಡು ನೀವು ಸಹಿ ಮಾಡಿಕೊಟ್ಟ ಪತ್ರ ತೆಗೆದು, ವಕೀಲರ ಸಹಿಯ ಹತ್ತಿರ ಇರುವ ನೋಂದಣಿ ಸಂಖ್ಯೆ ನೋಡಿ. ‘ಕೆಎಆರ್’ ಅಂತ ಶುರುವಾಗಿದ್ದರೆ ದೂರು ಬೆಂಗಳೂರಿನ ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿಗೆ. ಛೀಮಾರಿ, ಅಮಾನತು, ಪಟ್ಟಿಯಿಂದಲೇ ಹೆಸರು ತೆಗೆಯುವುದು, ಮೂರಕ್ಕೂ ಅಧಿಕಾರವಿದೆ. ಒಂದು ವರ್ಷದಲ್ಲಿ ಮುಗಿಯದ ದೂರು ಭಾರತೀಯ ವಕೀಲರ ಪರಿಷತ್ತಿಗೆ ಹೋಗುತ್ತದೆ.