ಬಾಲಕ್ಕೆ ಕಟ್ಟಿದ ನೀತಿ

ಮೊಮ್ಮಗಳ ಅಭ್ಯಾಸ ಪುಸ್ತಕದಲ್ಲಿ ಕಾಗೆಯ ಚಿತ್ರದ ಕೆಳಗೆ ಒಂದು ಗೆರೆ ಖಾಲಿ ಇತ್ತು. ‘ಈ ಕಥೆಯ ನೀತಿ’ ಎಂದು ಬರೆದು, ಮುಂದೆ ಚುಕ್ಕೆಗಳ ಸಾಲು. ‘ಶಕ್ತಿಗಿಂತ ಯುಕ್ತಿ ಮೇಲು ಎಂದು ಬರೆಯಮ್ಮ’ ಎಂದೆ. ಐವತ್ತು ವರ್ಷಗಳ ಹಿಂದೆ ನನಗೂ ಅಂಕ ತಂದುಕೊಟ್ಟ ಉತ್ತರವದು. ಅವಳು ಪೆನ್ಸಿಲ್ ಕೆಳಗಿಟ್ಟಳು. ‘ಕಲ್ಲು ಹಾಕಿದರೆ ನಿಜವಾಗಿಯೂ ನೀರು ಮೇಲೆ ಬರುತ್ತದಾ ತಾತ?’

ಬರುತ್ತದೆ ಎಂದು ಹೇಳಿ ಎದ್ದು ಹೋಗಬಹುದಿತ್ತು. ಹೋಗದೆ ಹಿತ್ತಾಳೆ ಚೊಂಬು ತಂದುಕೊಟ್ಟೆ. ಚಿತ್ರದಲ್ಲಿದ್ದಷ್ಟೇ, ಎರಡು ಬೆರಳು ನೀರು ಹಾಕಿದಳು. ತುಳಸಿ ಕಟ್ಟೆಯ ಸುತ್ತಲಿನ ಕಲ್ಲುಗಳನ್ನು ಆರಿಸಿ ತಂದು ಒಂದೊಂದಾಗಿ ಬಿಟ್ಟಳು. ಮೊದಲ ಕಲ್ಲುಗಳಿಗೆ ಟಣ್ ಟಣ್ ಎಂದ ಚೊಂಬು ಬರಬರುತ್ತ ದನಿ ಕಳೆದುಕೊಂಡಿತು. ಕಲ್ಲು ಕತ್ತಿನವರೆಗೆ ತುಂಬಿತು, ನೀರಿನ ಸುಳಿವಿಲ್ಲ. ಒಂದು ಕಣ್ಣು ಮುಚ್ಚಿ ಇಣುಕಿದವಳು, ‘ಒಳಗೆ ಎಲ್ಲೋ ಇದೆ, ಮಿಂಚುತ್ತಿದೆ’ ಎಂದಳು.

ಲೆಕ್ಕ ಸರಳ. ಕಲ್ಲುಗಳನ್ನು ಹೇಗೆ ತುಂಬಿದರೂ ನಡುವೆ ಹತ್ತರಲ್ಲಿ ನಾಲ್ಕು ಪಾಲಿನಷ್ಟು ಸಂದು ಉಳಿಯುತ್ತದೆ. ಇದ್ದ ನೀರೆಲ್ಲ ಮೊದಲು ಆ ಸಂದುಗಳನ್ನು ಸೇರುತ್ತದೆ. ಪಾತ್ರೆ ಅರ್ಧದ ಹತ್ತಿರಕ್ಕಾದರೂ ತುಂಬಿರದಿದ್ದರೆ ಕಾಗೆಯ ಯುಕ್ತಿ ನಡೆಯುವುದಿಲ್ಲ. ಹಾಗೆಂದು ಕಾಗೆಯನ್ನು ದಡ್ಡ ಎನ್ನುವಂತಿಲ್ಲ. 2009ರಲ್ಲಿ ಇಂಗ್ಲೆಂಡಿನ ಸಂಶೋಧಕರು ಕಾಗೆಯ ದಾಯಾದಿಯಾದ ರೂಕ್ ಹಕ್ಕಿಗಳ ಮುಂದೆ ನೀರಿನ ಕೊಳವೆಯಿಟ್ಟು, ಅದರಲ್ಲಿ ಹುಳು ತೇಲಿಬಿಟ್ಟರು. ಹಕ್ಕಿಗಳು ಕಲ್ಲು ಹಾಕಿ ನೀರೇರಿಸಿ ಹುಳು ತಿಂದವು. ಸಣ್ಣ ಕಲ್ಲು ಬಿಟ್ಟು ದೊಡ್ಡದನ್ನೇ ಆರಿಸಿಕೊಂಡವು. ಕಥೆ ಸುಳ್ಳಲ್ಲ. ಚಿತ್ರ ಬರೆದವರು ನೀರು ಕಡಿಮೆ ಹಾಕಿದ್ದರು, ಅಷ್ಟೇ.

ನನ್ನಜ್ಜಿ ನರಿ, ಮೊಸಳೆ, ಮಂಗಗಳ ಕಥೆಗಳನ್ನು ರಾಶಿ ರಾಶಿ ಹೇಳುತ್ತಿದ್ದರು. ಒಂದಕ್ಕೂ ನೀತಿಯ ಬಾಲ ಇರಲಿಲ್ಲ. ಮಂಗ ‘ನನ್ನ ಗುಂಡಿಗೆ ಮರದ ಮೇಲೇ ಉಳಿದಿದೆ’ ಎಂದು ಮೊಸಳೆಗೆ ಟೋಪಿ ಹಾಕಿ ಕೊಂಬೆಗೆ ಹಾರಿದೊಡನೆ ಅಜ್ಜಿ ‘ಮಲಕ್ಕೋ ಇನ್ನು’ ಎನ್ನುತ್ತಿದ್ದರು. ಹೊದಿಕೆಯೊಳಗೆ ಮೊಸಳೆ ಬರಿಗೈಯಲ್ಲಿ ಮನೆಗೆ ಹೋಗಿ ಹೆಂಡತಿಗೆ ಏನು ಹೇಳಿತೋ ಎಂದು ನಾನು ಚಿಂತಿಸುತ್ತಿದ್ದೆ. ಶಾಲೆಗೆ ಸೇರಿದ ಮೇಲೆ ಚಿಂತೆಗೆ ಎಡೆಯಿರಲಿಲ್ಲ. ಕೊನೆಯಲ್ಲಿ ‘ನೀತಿ’ ಎಂದು ಬರೆದು ಅಡಿಗೆರೆ ಎಳೆಯದಿದ್ದರೆ ಮೇಷ್ಟರು ಅರ್ಧ ಅಂಕ ಕತ್ತರಿಸುತ್ತಿದ್ದರು.

ಆ ‘ನೀತಿ’ ಎಂಬ ಮಾತೇ ತಮಾಷೆಯದು. ಪಂಚತಂತ್ರದ ವಿಷ್ಣುಶರ್ಮ ಮೂವರು ಮೊದ್ದು ರಾಜಕುಮಾರರಿಗೆ ಆರೇ ತಿಂಗಳಲ್ಲಿ ನೀತಿಶಾಸ್ತ್ರ ಕಲಿಸುತ್ತೇನೆಂದು ಪಣ ತೊಟ್ಟ. ಅದು ‘ಸುಳ್ಳು ಹೇಳಬಾರದು, ಹಿರಿಯರನ್ನು ಗೌರವಿಸಬೇಕು’ ಎಂಬ ನೀತಿಯಲ್ಲ. ರಾಜ್ಯ ನಡೆಸುವ, ತಲೆ ಉಳಿಸಿಕೊಳ್ಳುವ ಚಾತುರ್ಯ. ಕನ್ನಡಕ್ಕೆ ಪಂಚತಂತ್ರದ ಕಥೆಗಳನ್ನು 1031ರ ಸುಮಾರಿಗೆ ತಂದ ದುರ್ಗಸಿಂಹ ಚಾಲುಕ್ಯ ಜಯಸಿಂಹನಲ್ಲಿ ಸಂಧಿವಿಗ್ರಹಿ. ಯುದ್ಧ, ಒಪ್ಪಂದಗಳ ಕಡತ ನೋಡುತ್ತಿದ್ದವನಿಗೆ ನರಿಗಳ ಪರಿಚಯ ಚೆನ್ನಾಗಿಯೇ ಇದ್ದಿರಬೇಕು.

ಸಂಸ್ಕೃತದ ಮೊದಲ ತಂತ್ರವನ್ನೇ ನೋಡಿ. ಸಿಂಹ ಪಿಂಗಲಕನಿಗೂ ಎತ್ತು ಸಂಜೀವಕನಿಗೂ ಗಾಢ ಸ್ನೇಹ. ದಮನಕನೆಂಬ ನರಿ ಇಬ್ಬರ ಕಿವಿಯನ್ನೂ ಊದಿ, ಸಿಂಹದ ಕೈಯಲ್ಲಿ ಎತ್ತನ್ನು ಕೊಲ್ಲಿಸುತ್ತದೆ. ಆಮೇಲೆ? ಅಳುವ ಸಿಂಹಕ್ಕೆ ಸಮಾಧಾನ ಹೇಳಿ ಮಂತ್ರಿಯಾಗಿ ಸುಖವಾಗಿರುತ್ತದೆ. ಚುಕ್ಕೆಗಳ ಸಾಲಿನ ಮೇಲೆ ಇದಕ್ಕೆ ಯಾವ ನೀತಿ ಬರೆಯೋಣ? ಎಂಟನೆಯ ಶತಮಾನದಲ್ಲಿ ಇಬ್ನ್ ಅಲ್ ಮುಕಫ್ಫಾ ಎಂಬ ಲೇಖಕ ಈ ಕಥೆಗಳನ್ನು ಅರಬ್ಬಿಗೆ ತಂದಾಗ ದಮನಕನ ಜೊತೆಗಾರ ನರಿ ಕರಟಕ ಕಲೀಲಾ ಆದ, ದಮನಕ ದಿಮ್ನಾ ಆದ. ಅಲ್ಲಿ ದಿಮ್ನಾನನ್ನು ಸುಮ್ಮನೆ ಬಿಡಲಿಲ್ಲ. ಕೋರ್ಟು, ಸಾಕ್ಷಿ, ವಿಚಾರಣೆ ಎಂದು ಹೊಸ ಅಧ್ಯಾಯವನ್ನೇ ಸೇರಿಸಿ ಮರಣದಂಡನೆ ಕೊಡಿಸಿದರು. ಓದುವವರ ನಿದ್ದೆಗೆ ಅದು ಒಳ್ಳೆಯದೇ. ನನಗೆ ಮಾತ್ರ ಶಿಕ್ಷೆಯಾಗದ ದಮನಕನೇ ಹೆಚ್ಚು ಗುರುತಿನವನಂತೆ ಕಾಣುತ್ತಾನೆ. ಮೂವತ್ತು ವರ್ಷ ಕಚೇರಿಯಲ್ಲಿ ಕೆಲಸ ಮಾಡಿದ್ದೇನೆ.

ದ್ರಾಕ್ಷಿ ಹುಳಿ ಎಂದ ನರಿಗೂ ಅನ್ಯಾಯವಾಗಿದೆ ಎಂದೇ ನನ್ನ ವಾದ. ಹಾರಿತು, ಎಟುಕಲಿಲ್ಲ, ಒಂದು ಮಾತು ಅಂದು ಮನೆಗೆ ಹೋಯಿತು. ಚಪ್ಪರದ ಕೆಳಗೇ ಕುಳಿತು ಕೊರಗಬೇಕಿತ್ತೇ? ಒಂದು ಕಾಲದಲ್ಲಿ ನನ್ನ ಕೈಗೆಟುಕದ ಬೆಲೆಯ ಸೈಟನ್ನು ನೋಡಿ ಬಂದು, ‘ಅಲ್ಲಿ ಬೋರ್ ಕೊರೆದರೂ ನೀರು ಬೀಳುವುದಿಲ್ಲವಂತೆ’ ಎಂದು ಮನೆಯಲ್ಲಿ ಹೇಳಿದ್ದೆ. ಆ ರಾತ್ರಿ ಚೆನ್ನಾಗಿ ನಿದ್ದೆ ಬಂದಿತ್ತು. ಈಗ ಅಲ್ಲಿ ಮೂರು ಅಂತಸ್ತಿನ ಮನೆಯಿದೆ. ನೀರಿನ ವಿಷಯ ನಾನು ವಿಚಾರಿಸಿಲ್ಲ.

ಮೊಮ್ಮಗಳು ಕೊನೆಗೂ ಗೆರೆ ತುಂಬಿಸಿದಳು: ‘ನೀರು ತುಂಬಾ ಕಡಿಮೆ ಇದ್ದರೆ ಕಾಗೆ ಪಕ್ಕದ ಮನೆಗೆ ಹೋಗಬೇಕು.’ ಸಂಜೆ ಕಚೇರಿಯಿಂದ ಬಂದ ಅವಳಮ್ಮ ಅದನ್ನು ಅಳಿಸಿ, ‘ಶಕ್ತಿಗಿಂತ ಯುಕ್ತಿ ಮೇಲು’ ಎಂದು ಬರೆಸಿದಳು. ರಬ್ಬರಿನಿಂದ ಉಜ್ಜಿದ ಜಾಗದಲ್ಲಿ ಕಾಗದ ತೆಳುವಾಗಿ, ‘ಪಕ್ಕದ ಮನೆ’ ಇನ್ನೂ ಮಸುಕಾಗಿ ಕಾಣುತ್ತಿತ್ತು. ನಾನು ಚೊಂಬು ಬೋರಲು ಹಾಕಿ, ಕಲ್ಲುಗಳನ್ನು ತುಳಸಿ ಕಟ್ಟೆಗೆ ಸುರಿದೆ. ಎರಡು ಬೆರಳು ನೀರೂ ಜೊತೆಗೆ ಹೋಯಿತು.