ಹೊತ್ತು ಮುಳುಗದ ಶನಿವಾರ

ಅಮ್ಮನಿಗೆ ಶನಿವಾರ ರಾತ್ರಿ ಊಟ ಇಲ್ಲ. ನಲವತ್ತು ವರ್ಷದ ನೇಮ. ಗೊತ್ತಿದ್ದೂ ನಾನು ನಾರ್ವೆಯ ಕರಾವಳಿ ಹಡಗಿಗೆ ಇಬ್ಬರಿಗೂ ಮೂರು ಹೊತ್ತಿನ ಊಟ ಸೇರಿಸಿಯೇ ಟಿಕೆಟ್ ಮಾಡಿಸಿದ್ದೆ. ಬರ್ಗೆನ್‌ನಲ್ಲಿ ಹೊರಟು, 34 ಬಂದರುಗಳಲ್ಲಿ ನಿಂತು, ರಷ್ಯಾ ಗಡಿ ಹತ್ತಿರದ ಕಿರ್ಕೆನೆಸ್‌ ಮುಟ್ಟುವ ದಾರಿ. 1893ರಿಂದ ಟಪಾಲು, ಸಾಮಾನು, ಜನ ಎಲ್ಲವನ್ನೂ ಹೊತ್ತು ತಿರುಗಿದ ಸರ್ವಿಸ್ಸು. ನಮ್ಮ ಕೆಂಪು ಬಸ್ಸನ್ನು ನೀರಿಗಿಳಿಸಿದ ಹಾಗೆ, ನಡುರಾತ್ರಿಯೂ ಯಾವುದೋ ಊರಲ್ಲಿ ನಿಂತು ಪೆಟ್ಟಿಗೆ ಇಳಿಸುತ್ತದೆ.

ನಾಲ್ಕನೇ ದಿನ ಶನಿವಾರ ಬಿತ್ತು. ಬೆಳಿಗ್ಗೆ ಏಳರ ಸುಮಾರಿಗೆ ಆರ್ಕ್ಟಿಕ್ ವೃತ್ತ ದಾಟಿದೆವು. ಪುಟ್ಟ ನಡುಗಡ್ಡೆಯ ಮೇಲೊಂದು ಕಬ್ಬಿಣದ ಭೂಗೋಳ, ಅಷ್ಟೇ. ಆಮೇಲೆ ಡೆಕ್ಕಿನಲ್ಲಿ ಗಡ್ಡದ ಸಮುದ್ರದೇವ ಬಂದು ಸೌಟಿನಲ್ಲಿ ಐಸು ಮೊಗೆದು ಒಬ್ಬೊಬ್ಬರ ಕುತ್ತಿಗೆಯೊಳಗೆ ಸುರಿದ. ನಾನು ಕಿರುಚಿದ್ದು ವಿಡಿಯೋದಲ್ಲಿದೆ. ಅಮ್ಮ ಸೆರಗು ಸರಿಮಾಡಿಕೊಂಡು ಬಗ್ಗಿ ನಿಂತು ಸುರಿಸಿಕೊಂಡಳು. "ತುಲಾ ಸಂಕ್ರಮಣಕ್ಕೆ ತಲಕಾವೇರೀಲಿ ಮುಳುಗಿದೋಳಿಗೆ ಇದ್ಯಾವ ಲೆಕ್ಕ" ಅಂದಳು.

ಮಧ್ಯಾಹ್ನ ಬೋಡೊದಲ್ಲಿ ಇಳಿದು ಕಂದು ಚೀಸು ಹಾಕಿದ ವಾಫಲ್ ತಿಂದೆವು. ಹಾಲೊಡಕನ್ನು ಕಂದುಬಣ್ಣಕ್ಕೆ ತಿರುಗುವ ತನಕ ಕುದಿಸಿ ಇಂಗಿಸಿ ಮಾಡುವ ಪದಾರ್ಥ. ಅಮ್ಮ ಒಂದು ಚೂರು ನಾಲಿಗೆ ಮೇಲಿಟ್ಟು, "ಕೋವಾ ಮಾಡಕ್ಕೆ ಹೋಗಿ ತಳ ಹಿಡಿಸಿದಾರೆ ಕಣೋ, ಪಾಪ" ಅಂದು, ನನ್ನ ತಟ್ಟೆಯಿಂದಲೂ ಒಂದು ಹೋಳು ಎತ್ತಿಕೊಂಡಳು.

ಮೂರು ಗಂಟೆಗೆ ಹಡಗು ಲೋಫೋಟೆನ್ ದ್ವೀಪಗಳ ಕಡೆಗೆ ತಿರುಗಿತು. ನಡುವೆ ಬರೀ ತೆರೆದ ಸಮುದ್ರ, ನಾಲ್ಕು ತಾಸು. ಅಮ್ಮನಿಗೆ ವಾಂತಿ ಆದೀತು ಅಂತ ಮಾತ್ರೆ, ನಿಂಬೆಹಣ್ಣು, ಪ್ಲಾಸ್ಟಿಕ್ ಚೀಲ ಎಲ್ಲ ಜೇಬಿನಲ್ಲೇ ಇಟ್ಟುಕೊಂಡಿದ್ದೆ. ಮೂರೂವರೆಗೆ ಅಷ್ಟನ್ನೂ ನಾನೇ ಬಳಸಿಬಿಟ್ಟಿದ್ದೆ. ಹಡಗು ಏಳುವಾಗ ಹೊಟ್ಟೆ ಕೆಳಗೇ ಉಳಿಯುತ್ತದೆ, ಹಡಗು ಇಳಿಯುವಾಗ ಹೊಟ್ಟೆ ಮೇಲೇಳುತ್ತದೆ. ಇವೆರಡಕ್ಕೂ ಒಮ್ಮೆಯೂ ರಾಜಿಯಾಗಲಿಲ್ಲ. ಶಿರಾಡಿ ಘಾಟಿನಲ್ಲಿ ಬಸ್ಸಿನ ಹಿಂದಿನ ಸೀಟಲ್ಲೇ ಓಡಾಡಿದ ಅಮ್ಮ ಕಿಟಕಿ ಪಕ್ಕ ಕೂತು ಹೂಬತ್ತಿ ಹೊಸೆಯುತ್ತಿದ್ದಳು.

ಎಂಟಕ್ಕೆ ಊಟಕ್ಕೆ ಕರೆದರು. ನಾನು ಕ್ಯಾಬಿನ್ನಿನಲ್ಲಿ ಗೋಡೆ ಕಡೆ ತಿರುಗಿ ಮಲಗಿದ್ದೆ. "ದುಡ್ಡು ಕೊಟ್ಟಾಗಿದೆಯಮ್ಮ, ಇಬ್ಬರದೂ ದಂಡ" ಅಂದೆ.

ಅಮ್ಮ ಪರದೆ ಸರಿಸಿದಳು. ಬಿಸಿಲು ಸೀದಾ ಮುಖಕ್ಕೆ ಹೊಡೆಯಿತು.

"ಇವತ್ತು ಹೊತ್ತು ಎಷ್ಟಕ್ಕೆ ಮುಳುಗುತ್ತೆ?"

"ಮುಳುಗಲ್ಲ. ಜುಲೈ ತನಕ ಇಲ್ಲಿ ಮುಳುಗೋದೇ ಇಲ್ಲ."

ಅಮ್ಮ ಒಂದು ಕ್ಷಣ ಲೆಕ್ಕ ಹಾಕಿದಳು. "ಹಾಗಾದ್ರೆ ರಾತ್ರಿ ಎಲ್ಲಾಯ್ತೋ?" ಅಂದವಳೇ ಚಟ್ನಿಪುಡಿ ಡಬ್ಬಿ ಕಂಕುಳಲ್ಲಿಟ್ಟುಕೊಂಡು ಹೊರಟಳು.

ಒಂದು ಗಂಟೆ ಬಿಟ್ಟು ಬಂದಳು.

"ಬೇಯಿಸಿದ ಆಲೂಗಡ್ಡೆ ಚೆನ್ನಾಗಿತ್ತು ಕಣೋ. ನಿನ್ನ ಪಾಲಿಂದೂ ಕೇಳಿ ಹಾಕಿಸ್ಕೊಂಡೆ."